ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಕೊಡಿಸಿ

ತಾಯಿ, ‘ಮೊದಲು ಚಟ ಬಿಡಿಸಿ, ಆಮೇಲೆ ಬನ್ನಿ’ ಎಂದು ನಿಮ್ಮನ್ನು ಎರಡು ಕಡೆ ಅಲೆಸಿದ್ದು ಸರಿಯಲ್ಲ. ನಿಮ್ಮ ಮಗನ ಸ್ಕಿಜೋಫ್ರೇನಿಯಾಕ್ಕೂ ಮೆಥ್ ಎಂಬ ಮಾದಕದ ಚಟಕ್ಕೂ ಒಂದೇ ತಂಡ, ಒಂದೇ ಹೊತ್ತಿಗೆ ಚಿಕಿತ್ಸೆ ಕೊಡಬೇಕು. ಮೆಥ್ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಉಕ್ಕಿಸುತ್ತದೆ. ಅವನ ಮಾತ್ರೆಗಳು ತಡೆಯುವುದು ಅದೇ ಡೋಪಮೈನಿನ ಆಟವನ್ನು. ಸೇದಿದ ಮೇಲೆ ಕಿವಿಯ ದನಿಗಳು, ಸಂಶಯ ಜೋರಾಗುವುದು ಅದಕ್ಕೇ. ಹಾಗೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಪದೇ ಪದೇ ತಪ್ಪುತ್ತಿದ್ದರೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಬಗ್ಗೆ ವಿಚಾರಿಸಿ.

ಮೆಥ್ ಚಟಕ್ಕೆಂದೇ ಅನುಮೋದನೆ ಪಡೆದ ಔಷಧಿ ಇಲ್ಲ. ಹೆಚ್ಚು ಫಲ ಕೊಟ್ಟಿರುವುದು ಬಹುಮಾನದ ಪದ್ಧತಿ. ಮೂತ್ರ ಪರೀಕ್ಷೆಯಲ್ಲಿ ಮಾದಕದ ಅಂಶ ಕಾಣದಿದ್ದರೆ ಅಲ್ಲೇ, ಆಗಲೇ ಒಂದು ಸೋಪೋ ಶರ್ಟೋ ಕೈಗೆ ಸಿಗುತ್ತದೆ. ಸತತವಾಗಿ ಬಿಟ್ಟಷ್ಟೂ ಬಹುಮಾನ ದೊಡ್ಡದಾಗುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ಇಂಥ ಉತ್ತೇಜಕ ಮಾದಕಗಳ ಚಟದ ಜೊತೆ ತೀವ್ರ ಮನೋರೋಗವೂ ಇದ್ದ 176 ಮಂದಿಯ ಮೇಲೆ ಇದನ್ನು ಪರೀಕ್ಷಿಸಿದರು. 2013ರಲ್ಲಿ ಬಂದ ಆ ವರದಿಯಂತೆ ಬಹುಮಾನದ ಗುಂಪಿನಲ್ಲಿ ಸೇವನೆಯೂ ಕಡಿಮೆಯಾಯಿತು, ಮನೋರೋಗಕ್ಕಾಗಿ ಆಸ್ಪತ್ರೆ ಸೇರುವುದೂ ತಗ್ಗಿತು.

‘ಇದು ಲಂಚವಲ್ಲವೇ?’ ಎಂದು ನಿಮ್ಮ ಯಜಮಾನರು ಕೇಳಿದ್ದಾರೆ. ಖಂಡಿತ ಅಲ್ಲ. ಮುಂದಿನ ವರ್ಷದ ಆರೋಗ್ಯಕ್ಕಿಂತ ಈ ಕ್ಷಣದ ಪ್ರತಿಫಲ ಅವನ ಮನಸ್ಸನ್ನು ಬೇಗ ಮುಟ್ಟುತ್ತದೆ. ಆದರೆ ಪರೀಕ್ಷೆಯನ್ನು ಮನೆಯಲ್ಲಿ ನೀವೇ ಮಾಡಬೇಡಿ, ಮನೆ ಪೊಲೀಸ್ ಠಾಣೆಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವೂ ಮನೋರೋಗ ವಿಭಾಗವೂ ಒಂದೇ ಆವರಣದಲ್ಲಿವೆ. ಅಷ್ಟು ದೂರ ಹೋಗಲಾಗದಿದ್ದರೆ 14416, ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಎದೆನೋವು, ವಿಪರೀತ ಜ್ವರ, ಸಾಯುವ ಮಾತು ಕಂಡರೆ ಮಾತ್ರ ಕಾಯಬೇಡಿ, ಹತ್ತಿರದ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯಿರಿ.