ಆಮೆಯ ಚಿಪ್ಪು ಅದರ ಮನೆಯೋ, ಮೈಯೋ?



ಒಂದು ಬೇಸಿಗೆಯಲ್ಲಿ ನಾವಿದ್ದ ಹಳ್ಳಿಯ ಕೆರೆಯು ಬತ್ತಿಹೋಗಲು, ಕೆಸರನ್ನು ಅಗೆಯುತ್ತಿದ್ದ ಹುಡುಗರಿಗೆ ಒಂದು ಆಮೆಯು ಸಿಕ್ಕಿತು. ಅವರು ಅದರ ಚಿಪ್ಪಿನ ಅಂಚಿನಲ್ಲಿ ಮೊಳೆಯಿಂದ ತೂತುಮಾಡಿ, ಹುರಿಯನ್ನು ಪೋಣಿಸಿ, ನಮ್ಮ ಅಂಗಳಕ್ಕೆ ಎಳೆದುಕೊಂಡು ಬಂದರು. ತೂತಿನಿಂದ ರಕ್ತವು ಒಸರುತ್ತಿತ್ತು. "ಇದಕ್ಕೆ ನೋಯುವದಿಲ್ಲವೋ?" ಎಂದು ನಾವು ಕೇಳಲು, ಅವರಲ್ಲಿ ಹಿರಿಯವನು, "ಅಯ್ಯನವರೇ, ಚಿಪ್ಪು ಅದರ ಮನೆಯಲ್ಲವೇ? ಗೋಡೆಗೆ ಮೊಳೆ ಹೊಡೆದರೆ ಮನೆಯವನಿಗೆ ನೋವಾದೀತೇ?" ಅಂದನು.

ಈ ಮಾತನ್ನು ಆ ಹುಡುಗನು ಮಾತ್ರವಲ್ಲ, ದೊಡ್ಡವರಲ್ಲಿಯೂ ಅನೇಕರು ನಂಬಿರುತ್ತಾರೆ. ಆದಕಾರಣ ಆಮೆಯ ಚಿಪ್ಪು ಏನು, ಅದು ಹೇಗೆ ಹುಟ್ಟಿ ಹೇಗೆ ಬೆಳೆಯುತ್ತದೆ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಚಿಪ್ಪು ಯಾವದರಿಂದ ಆಗಿದೆ?

ಗದ್ದೆಯ ಏಡಿಯನ್ನು ನೀವು ಬಲ್ಲಿರಿ. ಅದು ದೊಡ್ಡದಾಗುವಾಗ ಹಳೆಯ ಚಿಪ್ಪನ್ನು ಕಳಚಿ ಬಿಟ್ಟು ಹೊಸದನ್ನು ಪಡೆಯುತ್ತದೆ. ಆಮೆಯಾದರೋ ಹಾಗೆ ಮಾಡಲಾರದು. ಯಾಕಂದರೆ ಅದರ ಚಿಪ್ಪು ಹೊರಗಿನಿಂದ ಹೊದ್ದುಕೊಂಡದ್ದಲ್ಲ; ಅದರ ಸ್ವಂತ ಎಲುಬೇ. ಸತ್ತ ಆಮೆಯ ಬರಿದಾದ ಚಿಪ್ಪನ್ನು ತಿರುಗಿಸಿ ಒಳಗೆ ನೋಡಿದರೆ, ನಡುವೆ ಉದ್ದಕ್ಕೆ ಬೆನ್ನೆಲುಬೂ ಅದರಿಂದ ಎರಡು ಕಡೆಗೂ ಪಕ್ಕೆಲುಬುಗಳೂ ಚಿಪ್ಪಿನೊಂದಿಗೆ ಕೂಡಿಕೊಂಡಿರುವದನ್ನು ಕಾಣಬಹುದು. ಬೆನ್ನಿನ ಚಿಪ್ಪಿನಲ್ಲಿ ಸುಮಾರು 50 ಎಲುಬುಗಳುಂಟು. ಹೊಟ್ಟೆಯ ಕಡೆಯ ಚಿಪ್ಪಿನಲ್ಲಿ ಸಾಮಾನ್ಯವಾಗಿ 9 ಎಲುಬುಗಳುಂಟು. ಈ ಎರಡು ಭಾಗಗಳು ಪಕ್ಕಗಳಲ್ಲಿ ಒಂದಕ್ಕೊಂದು ಸೇರಿಕೊಂಡಿವೆ.

2. ಅದು ಹೇಗೆ ಉಂಟಾಗುತ್ತದೆ?

ಇದು ಮೊಟ್ಟೆಯೊಳಗೇ ಆರಂಭವಾಗುತ್ತದೆ. ನಮ್ಮ ಪಕ್ಕೆಲುಬುಗಳು ಬೆನ್ನಿನಿಂದ ಹೊರಟು ಎದೆಯ ಕಡೆಗೆ ಬಾಗುತ್ತವೆ. ಆಮೆಯ ಪಿಂಡದಲ್ಲಾದರೋ ಅವು ಬಾಗದೆ, ನೇರವಾಗಿ ಪಕ್ಕಗಳಿಗೆ ಚಾಚಿ, ಬೆನ್ನಿನ ಚರ್ಮದೊಳಗೆ ಸೇರುತ್ತವೆ. ಪಿಂಡದ ಎರಡು ಪಕ್ಕಗಳಲ್ಲಿಯೂ ಚರ್ಮವು ಒಂದು ಏರಿಯಂತೆ ಉಬ್ಬುತ್ತದೆ. ಆ ಏರಿಯೇ ಮುಂದೆ ಚಿಪ್ಪಿನ ಅಂಚಾಗುವದು. ತರುವಾಯ ಪಕ್ಕೆಲುಬುಗಳ ಸುತ್ತಲೂ ಚರ್ಮದೊಳಗೆ ಎಲುಬು ಹರಡಿ, ನಡುವಿನ ತೆರಪುಗಳನ್ನು ಮೆಲ್ಲಮೆಲ್ಲನೆ ಮುಚ್ಚುತ್ತಾ ಬರುತ್ತದೆ. ಮೊಟ್ಟೆಯಿಂದ ಆಗಲೇ ಹೊರಟ ಮರಿಯಲ್ಲಿ ಈ ತೆರಪುಗಳು ಇನ್ನೂ ಪೂರ್ಣವಾಗಿ ಮುಚ್ಚಿರುವದಿಲ್ಲ. ಆದದರಿಂದಲೇ ಮರಿಯ ಚಿಪ್ಪು ಮೆತ್ತಗೆ ಇರುತ್ತದೆ.

ಇದರಿಂದ ಎರಡು ಆಶ್ಚರ್ಯವಾದ ಸಂಗತಿಗಳು ಉಂಟಾದವು. ನಮ್ಮ ಹೆಗಲೆಲುಬು ಪಕ್ಕೆಲುಬುಗಳ ಹೊರಗಿದೆ; ಆಮೆಯದಾದರೋ ಪಕ್ಕೆಲುಬುಗಳ ಗೂಡಿನ ಒಳಗಿದೆ. ಇನ್ನೊಂದೇನಂದರೆ, ನಾವು ಉಸಿರಾಡುವಾಗ ಎದೆಯು ಏರಿ ಇಳಿಯುತ್ತದೆ. ಆಮೆಯ ಪಕ್ಕೆಲುಬುಗಳು ಅಲುಗಲಾರವು. ಆದಕಾರಣ ಅದು ಒಳಗಿನ ಮಾಂಸಖಂಡಗಳನ್ನು ಬಿಗಿದು ಸಡಲಿಸಿ ಉಸಿರನ್ನು ಎಳೆದು ಬಿಡುತ್ತದೆ.

3. ಚಿಪ್ಪು ಹೇಗೆ ಬೆಳೆಯುತ್ತದೆ?

ಎಲುಬುಗಳು ತಮ್ಮ ಅಂಚುಗಳಲ್ಲಿ ಬೆಳೆಯುತ್ತಾ ಹೋಗುವದರಿಂದ ಚಿಪ್ಪು ಪ್ರಾಣಿಯೊಂದಿಗೇ ದೊಡ್ಡದಾಗುತ್ತದೆ. ಎಲುಬಿನ ಮೇಲೆ ಹೆಚ್ಚಿನ ಜಾತಿಗಳಲ್ಲಿ ಹೊದಿಕೆಯ ಬಿಲ್ಲೆಗಳುಂಟು. ಇವು ನಮ್ಮ ಉಗುರೂ ದನದ ಕೊಂಬೂ ಯಾವ ಪದಾರ್ಥದಿಂದ ಆಗಿವೆಯೋ ಅದರಿಂದಲೇ ಆಗಿವೆ. ಗೌಂಡಿಯು ಇಟ್ಟಿಗೆಯ ಗೋಡೆಯನ್ನು ಕಟ್ಟುವಾಗ ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಸಂದು ಬಾರದಂತೆ ನೋಡಿಕೊಳ್ಳುವನಲ್ಲವೇ? ಹಾಗೆಯೇ ಬಿಲ್ಲೆಗಳ ಸಂದುಗಳೂ ಎಲುಬುಗಳ ಸಂದುಗಳೂ ಒಂದರ ಮೇಲೊಂದು ಬೀಳುವದಿಲ್ಲ. ಇದರಿಂದ ಚಿಪ್ಪಿಗೆ ಬಲವು ಹೆಚ್ಚುತ್ತದೆ.

ನಮ್ಮ ಒಣ ಸೀಮೆಯ ಕುರುಚಲು ಕಾಡಿನಲ್ಲಿ ಸಿಕ್ಕುವ ನಕ್ಷತ್ರ ಆಮೆಯನ್ನು ನೋಡಿರಿ. ಒಂದೊಂದು ಬಿಲ್ಲೆಯ ನೆತ್ತಿಯಲ್ಲಿ ಒಂದು ಹಳದಿ ಮಚ್ಚೆಯೂ ಅದರಿಂದ ಹೊರಡುವ ಹಳದಿ ಗೆರೆಗಳೂ ಇವೆ. ಆ ನೆತ್ತಿಯು ಮರಿಯಾಗಿದ್ದಾಗಿನ ಬಿಲ್ಲೆಯೇ. ಬೆಳೆಯುವ ಕಾಲದಲ್ಲಿ ಹಳೆಯದರ ಕೆಳಗೆ ಅದಕ್ಕಿಂತ ಅಗಲವಾದ ಹೊಸ ಪದರವು ಬಂದು, ಅಂಚು ಸುತ್ತಲೂ ಬಳೆಯಂತೆ ಕಾಣುತ್ತದೆ. ಬಳೆಗಳನ್ನು ಎಣಿಸಿ ಆಮೆಯ ವಯಸ್ಸನ್ನು ಹೇಳಬಹುದೆಂದು ಕೆಲವರು ಅನ್ನುವರು. ಇದು ನಿಶ್ಚಯವಾದ ಲೆಕ್ಕವಲ್ಲ. ಮಳೆಯೂ ಮೇವೂ ಚೆನ್ನಾದ ಒಂದೇ ವರುಷದಲ್ಲಿ ಎರಡು ಬಳೆಗಳು ಬರಬಹುದು. ಬರಗಾಲದಲ್ಲಿ ಒಂದೂ ಬಾರದೆ ಹೋಗಬಹುದು. ಮುದಿ ಆಮೆಯಲ್ಲಿ ಅವು ಸವೆದು ಹೋಗುವವು.

ನೀರಿನಲ್ಲಿ ವಾಸಿಸುವ ಅನೇಕ ಜಾತಿಗಳು ಹಳೆಯ ಬಿಲ್ಲೆಗಳ ಮೇಲಿನ ಪದರವನ್ನು ಉದುರಿಸುತ್ತವೆ, ಎಲುಬನ್ನಲ್ಲ. ನಮ್ಮ ಕೆರೆಗಳಲ್ಲಿಯೂ ಗದ್ದೆಗಳಲ್ಲಿಯೂ ಇರುವ ಮೆತ್ತನೆಯ ಆಮೆಗಾದರೋ ಬಿಲ್ಲೆಗಳೇ ಇಲ್ಲ. ಎಲುಬಿನ ಮೇಲೆ ಬರೀ ಚರ್ಮವಿದೆ. ಹುಡುಗರು ತಂದದ್ದು ಇಂಥದೇ.

4. ಪೂರ್ವಕಾಲದ ಸಾಕ್ಷಿ

ಚೀನಾ ದೇಶದ ಗುಯಿಝೌ ಪ್ರಾಂತದಲ್ಲಿ ಸಿಕ್ಕಿದ ಸುಮಾರು 22 ಕೋಟಿ ವರುಷಗಳ ಹಿಂದಿನ ಒಂದು ಆಮೆಯ ಶಿಲೆಯಾದ ಎಲುಬುಗಳನ್ನು ಪಂಡಿತರು 2008ರಲ್ಲಿ ವರ್ಣಿಸಿದರು. ಅದಕ್ಕೆ ಹೊಟ್ಟೆಯ ಚಿಪ್ಪು ಪೂರ್ಣವಾಗಿತ್ತು. ಬೆನ್ನಿನ ಚಿಪ್ಪಾದರೋ ಪೂರ್ಣವಾಗಿರಲಿಲ್ಲ; ಅಲ್ಲಿ ಅಗಲವಾದ ಪಕ್ಕೆಲುಬುಗಳಿದ್ದವು. ಈಗಿನ ಆಮೆಗಳಿಗೆ ಇಲ್ಲದ ಹಲ್ಲುಗಳೂ ಅದಕ್ಕಿದ್ದವು. ಚಿಪ್ಪು ಒಂದೇ ಸಾರಿ ಉಂಟಾಗದೆ ಪಕ್ಕೆಲುಬುಗಳಿಂದ ಕ್ರಮವಾಗಿ ಉಂಟಾಯಿತೆಂಬದಕ್ಕೆ ಇದೊಂದು ಸಾಕ್ಷಿಯಾಗಿದೆ.

5. ಇದರಿಂದ ನಾವು ತಿಳಿಯತಕ್ಕದ್ದು

ಎಲುಬು ಜೀವವುಳ್ಳದ್ದು. ಚಿಪ್ಪಿನಲ್ಲಿ ರಕ್ತವು ಹರಿಯುತ್ತದೆ, ನರಗಳೂ ಇವೆ. ಮುಟ್ಟಿದರೆ ಆಮೆಗೆ ತಿಳಿಯುತ್ತದೆ, ತೂತುಮಾಡಿದರೆ ನೋಯುತ್ತದೆ. ಆದದರಿಂದ ಆಮೆಯನ್ನು ಚಿಪ್ಪಿನೊಳಗಿಂದ ಹೊರಗೆ ಎಳೆಯುತ್ತೇನೆಂಬವನು ಒಬ್ಬ ಮನುಷ್ಯನನ್ನು ಅವನ ಬೆನ್ನೆಲುಬಿನಿಂದ ಹೊರಗೆ ಎಳೆಯುತ್ತೇನೆಂಬವನಿಗೆ ಸಮಾನನು. ಇದಲ್ಲದೆ 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಕ್ಷತ್ರ ಆಮೆಯನ್ನೂ ಕೆರೆಯ ಈ ಆಮೆಯನ್ನೂ ಹಿಡಿಯುವದೂ ಮಾರುವದೂ ಅಪರಾಧವಾಗಿದೆ.

ನಾವು ಇವುಗಳನ್ನು ಹುಡುಗರಿಗೆ ವಿವರಿಸಿದೆವು. ಹಿರಿಯವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ಕುಳಿತು ಹುರಿಯನ್ನು ಕೊಯ್ದು ತೆಗೆದನು. "ಅಯ್ಯನವರೇ, ಈ ತೂತು ಮುಚ್ಚಿಕೊಳ್ಳುವದೋ?" ಎಂದು ಕೇಳಿದನು. ಚಿಪ್ಪಿನ ಗಾಯವು ಮಾಯುವದುಂಟು. ಆದರೆ ಬಹು ನಿಧಾನವಾಗಿ, ಕೆಲವು ಸಾರಿ ಒಂದು ವರುಷಕ್ಕಿಂತಲೂ ಹೆಚ್ಚು ಕಾಲ ಹಿಡಿಯುತ್ತದೆ ಎಂದು ನಾವು ಹೇಳಿದೆವು. ಸಾಯಂಕಾಲ ಅವರೆಲ್ಲರೂ ನಮ್ಮ ಸಂಗಡ ಬಂದು, ಕೆರೆಯ ಆಚೆಯ ಮೂಲೆಯಲ್ಲಿ ಇನ್ನೂ ಉಳಿದಿದ್ದ ನೀರಿನಲ್ಲಿ ಅದನ್ನು ಬಿಟ್ಟರು.

ಪ್ರಶ್ನೆಗಳು

1. ಏಡಿಯ ಚಿಪ್ಪಿಗೂ ಆಮೆಯ ಚಿಪ್ಪಿಗೂ ಇರುವ ಭೇದವೇನು?
2. ಆಮೆಯ ಪಕ್ಕೆಲುಬುಗಳು ಯಾವ ಕಡೆಗೆ ಬೆಳೆಯುತ್ತವೆ?
3. ಬಳೆಗಳನ್ನು ಎಣಿಸಿ ವಯಸ್ಸನ್ನು ಹೇಳಕೂಡದು ಯಾಕೆ?
4. ಆ ಹುಡುಗನ ಮಾತಿಗೆ ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ?