ದಾಂಪತ್ಯ ಮುಗಿದ ಮಾತ್ರಕ್ಕೆ ಬದುಕು ಮುಗಿಯಿತೇ?

ಸಹೋದರೀ, ಮದುವೆಯಾಗಿ ಎರಡೋ ಮೂರೋ ವರ್ಷಗಳಲ್ಲಿ ಬೇರ್ಪಟ್ಟವಳ ದುಃಖ ಒಂದು ಬಗೆಯದು. ಅವಳ ಮುಂದೆ ಇನ್ನೂ ಹರೆಯವಿದೆ. ತವರಿನಲ್ಲಿ ತಂದೆ ತಾಯಿ ಇರುತ್ತಾರೆ. ಆದರೆ ಇಪ್ಪತ್ತು, ಇಪ್ಪತ್ತೈದು ವರ್ಷ ಒಂದೇ ಮನೆಯ ಒಲೆ ಉರಿಸಿ, ಮಕ್ಕಳನ್ನು ಓದಿಸಿ, ಮದುವೆ ಮಾಡಿಸಿ, ಮೊಮ್ಮಕ್ಕಳ ತೊಟ್ಟಿಲು ತೂಗುವ ವಯಸ್ಸಿನಲ್ಲಿ ತಲಾಕ್ ಆಗಿಯೋ ಖುಲಾ ಪಡೆದೋ ಹೊರಬಂದವಳ ಪಾಡು ಬೇರೆ. ತವರೆಂಬುದು ಈಗ ತಮ್ಮನ ಮನೆ, ತಮ್ಮನ ಹೆಂಡತಿಯ ಅಡುಗೆಮನೆ. ಈ ಮಾತುಗಳು ಅಂತಹ ಸಹೋದರಿಗಾಗಿ. ನೀವು ಅವಳಲ್ಲದಿದ್ದರೂ ನಿಮ್ಮ ಕುಟುಂಬದಲ್ಲೋ ಜಮಾಅತಿನಲ್ಲೋ ಅವಳು ಇದ್ದೇ ಇರುತ್ತಾಳೆ.

ಅವಳನ್ನು ಕಾಣಲು ಬಂದವರು ಕೇಳುವುದು ಮೂರು ಪ್ರಶ್ನೆ. ಮಹ್ರ್ ಸಿಕ್ಕಿತೇ? ಮಕ್ಕಳು ಯಾರ ಕಡೆಗಿದ್ದಾರೆ? ಮುಂದೆ ಎಲ್ಲಿರುವುದು? ಕೇಳಬೇಕಾದವುಗಳೇ. ಆದರೆ ಅವಳು ಕಳೆದುಕೊಂಡ ಇನ್ನೊಂದನ್ನು ಯಾರೂ ವಿಚಾರಿಸುವುದಿಲ್ಲ, ಅವಳೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ತನ್ನ ಬುದ್ಧಿಯ ಮೇಲೆ ತನಗಿದ್ದ ನಂಬಿಕೆ. ನಿದ್ದೆ ಬಾರದ ರಾತ್ರಿಗಳಲ್ಲಿ ಮನಸ್ಸು ಒಂದೇ ಮಾತನ್ನು ಅರೆಯುತ್ತಿರುತ್ತದೆ: ಇಷ್ಟು ವರ್ಷ ಜೊತೆಯಲ್ಲೇ ಇದ್ದವರನ್ನು ಅರಿಯದೆ ಹೋದೆನಲ್ಲ, ಇನ್ನು ನನ್ನ ಯಾವ ತೀರ್ಮಾನ ಸರಿಯಿದ್ದೀತು?

ಕ್ರಮೇಣ ಅವಳು ತೀರ್ಮಾನ ಮಾಡುವುದನ್ನೇ ಬಿಟ್ಟುಬಿಡುತ್ತಾಳೆ. ಹಲ್ಲುನೋವಿಗೆ ಡಾಕ್ಟರ ಬಳಿ ಹೋಗಬೇಕೇ ಎಂದು ತಮ್ಮನನ್ನು ಕೇಳುತ್ತಾಳೆ. ಈದ್‌ಗೆ ಯಾವ ಬಟ್ಟೆ ಎಂದು ಸೊಸೆಯನ್ನು ಕೇಳುತ್ತಾಳೆ. ಬ್ಯಾಂಕಿನ ಕಾಗದವನ್ನು ಮಗ ಮುಂದಿಟ್ಟರೆ ಓದದೆ ಸಹಿ ಹಾಕುತ್ತಾಳೆ. ಎಷ್ಟು ತಾಳ್ಮೆಯ ಹೆಂಗಸು ಎಂದು ನೆರೆಹೊರೆಯವರು ಹೊಗಳುತ್ತಾರೆ. ಇದನ್ನು ಸಬ್ರ್ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಸಬ್ರ್ ಎಂದರೆ ಬಿರುಗಾಳಿಯಲ್ಲಿ ಕಾಲೂರಿ ನಿಲ್ಲುವುದು. ತನಗೆ ಕಾಲಿದೆ ಎಂಬುದನ್ನೇ ಮರೆಯುವುದಲ್ಲ.

ಸಹೀಹ್ ಮುಸ್ಲಿಮ್‌ನಲ್ಲಿ ಹ. ಜಾಬಿರ್ ಬಿನ್ ಅಬ್ದುಲ್ಲಾ(ರ) ವರದಿ ಮಾಡಿದ ಒಂದು ಪುಟ್ಟ ಘಟನೆಯಿದೆ. ಅವರ ತಾಯಿಯ ಸಹೋದರಿಗೆ ತಲಾಕ್ ಆಗಿತ್ತು. ಇದ್ದತ್ ಇನ್ನೂ ಮುಗಿದಿರಲಿಲ್ಲ. ಆಕೆಗೆ ಖರ್ಜೂರದ ಮರಗಳಿದ್ದುವು, ಕೊಯ್ಲಿನ ಕಾಲ ಬಂದಿತ್ತು. ಕೊಯ್ಲಿಗೆ ಹೊರಡಲು ಮುಂದಾದಾಗ ಒಬ್ಬಾತ ಗದರಿ ತಡೆದ. ಆಕೆ ನೇರವಾಗಿ ಪ್ರವಾದಿವರ್ಯರ(ಸ) ಸನ್ನಿಧಿಗೆ ಹೋಗಿ ವಿಷಯ ತಿಳಿಸಿದರು. ಪ್ರವಾದಿವರ್ಯರು(ಸ) ಆಕೆಗೆ ಹೋಗಿ ಕೊಯ್ಯುವಂತೆ ಹೇಳಿದರು. ಅಷ್ಟಕ್ಕೇ ನಿಲ್ಲಿಸದೆ, ಅದರಿಂದ ಆಕೆ ದಾನವನ್ನೋ ಬೇರೊಂದು ಸತ್ಕಾರ್ಯವನ್ನೋ ಮಾಡುವಂತಾಗಬಹುದು ಎಂದೂ ತಿಳಿಸಿದರು.

ಈ ಹದೀಸನ್ನು ಓದಿದಾಗಲೆಲ್ಲ ನನಗೆ ಆ ಮಹಿಳೆಯ ನಡೆಯೇ ಕಣ್ಣಿಗೆ ಕಟ್ಟುತ್ತದೆ. ತಲಾಕ್ ಆಯಿತೆಂದು ಹಣ್ಣನ್ನು ಮರದಲ್ಲೇ ಕೊಳೆಯಲು ಬಿಡಲಿಲ್ಲ. ಒಬ್ಬಾತ ಗದರಿದನೆಂದು ಕಣ್ಣೀರೊರೆಸುತ್ತಾ ಒಳಕೋಣೆಗೆ ಹಿಂದಿರುಗಲಿಲ್ಲ. ಆತನೊಡನೆ ಜಗಳಕ್ಕೂ ನಿಲ್ಲಲಿಲ್ಲ. ಜ್ಞಾನವಿರುವಲ್ಲಿಗೆ ಹೋಗಿ ಕೇಳಿದರು. ಇನ್ನು ಪ್ರವಾದಿವರ್ಯರ(ಸ) ಮಾತನ್ನು ಗಮನಿಸಿರಿ. ನಾವು ತಲಾಕ್ ಆದವಳನ್ನು ಕಂಡ ಕೂಡಲೇ ಝಕಾತಿನ ಪಟ್ಟಿಗೆ ಅವಳ ಹೆಸರು ಸೇರಿಸುತ್ತೇವೆ. ಅವರು(ಸ) ಆಕೆಯಲ್ಲಿ ದಾನ ಪಡೆಯುವವಳನ್ನಲ್ಲ, ದಾನ ಕೊಡುವವಳನ್ನು ಕಂಡರು, ಅದೂ ಇದ್ದತ್‌ನ ದಿನಗಳಲ್ಲಿ. (ಇದ್ದತ್‌ನಲ್ಲಿ ಯಾವಾಗ, ಯಾವ ಅಗತ್ಯಕ್ಕೆ ಹೊರಹೋಗಬಹುದೆಂಬ ವಿವರಗಳಲ್ಲಿ ಶಾಫಿಈ ಮತ್ತು ಹನಫೀ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ನಿಮ್ಮ ಊರಿನ ವಿದ್ವಾಂಸರಲ್ಲಿ ಕೇಳಿ ತಿಳಿಯಿರಿ. ಆ ಮಹಿಳೆಯೂ ಮಾಡಿದ್ದು ಅದನ್ನೇ.)

ಇದ್ದತ್ ಎಂಬ ಪದದ ಮೂಲಾರ್ಥವೇ ಎಣಿಕೆ. ಎಣಿಸುವುದಕ್ಕೆ ಕೊನೆಯೊಂದಿರುತ್ತದೆ. ಮುಟ್ಟು ನಿಂತ ವಯಸ್ಸಿನವರಿಗೆ ಅದು ಮೂರು ತಿಂಗಳೆಂದು ಅತ್ತಲಾಕ್ ಅಧ್ಯಾಯದ 4ನೇ ಸೂಕ್ತದಲ್ಲಿದೆ. ಅಲ್ಲಾಹನು ಮೂರು ತಿಂಗಳೆಂದು ನಿಗದಿಪಡಿಸಿದ್ದನ್ನು ಹತ್ತು ವರ್ಷಕ್ಕೆ ಎಳೆದುಕೊಂಡು, ಬಣ್ಣದ ಬಟ್ಟೆ ಉಡದೆ, ಮದುವೆ ಮನೆಗಳಿಗೆ ಹೋಗದೆ ಮೂಲೆ ಸೇರಿದವರನ್ನು ನಾವು ನೋಡುತ್ತಿದ್ದೇವೆ. ಹೀಗೆ ಇರಬೇಕೆಂದು ಅವರಿಗೆ ವಿಧಿಸಿದವರು ಯಾರು?

ಇನ್ನು ಆ ರಾತ್ರಿಯ ಮಾತಿಗೆ ಬರೋಣ. ‘ನನಗೆ ತಿಳಿಯಲೇ ಇಲ್ಲವಲ್ಲ’ ಎಂಬ ಕೊರಗು. ನಿಮ್ಮಿಂದ ನಿಜವಾಗಿ ತಪ್ಪುಗಳಾಗಿದ್ದರೆ ತೌಬಾದ ಬಾಗಿಲು ತೆರೆದೇ ಇದೆ. ಒರಟು ಮಾತಿತ್ತೇ, ಹಠವಿತ್ತೇ, ಯಾರದಾದರೂ ಹಕ್ಕು ಬಾಕಿಯಿದೆಯೇ? ಒಪ್ಪಿಕೊಳ್ಳಿ, ಕ್ಷಮೆ ಕೇಳಿ, ಮುಗಿಸಿ. ಆದರೆ ಇನ್ನೊಬ್ಬರ ಹೃದಯದೊಳಗೆ ಏನಿತ್ತೆಂದು ತಿಳಿಯದೆ ಹೋದುದು ತಪ್ಪುಗಳ ಲೆಕ್ಕಕ್ಕೆ ಬರುವುದೇ ಇಲ್ಲ. ಅಗೋಚರವನ್ನು ಅರಿತವನು ಅಲ್ಲಾಹನೊಬ್ಬನೇ. ತನಗೆ ಅಗೋಚರ ಜ್ಞಾನವಿರುತ್ತಿದ್ದರೆ ಬಹಳಷ್ಟು ಒಳಿತನ್ನು ಕೂಡಿಹಾಕಿಕೊಳ್ಳುತ್ತಿದ್ದೆ, ಯಾವ ಕೇಡೂ ತನ್ನನ್ನು ಮುಟ್ಟುತ್ತಿರಲಿಲ್ಲ ಎಂದು ಜನರಿಗೆ ಸಾರಲು ಸ್ವತಃ ಪ್ರವಾದಿವರ್ಯರಿಗೇ(ಸ) ಆಜ್ಞೆಯಾಗಿದೆ (ಅಲ್ ಅಅ್‌ರಾಫ್, 188). ಪ್ರವಾದಿಗೇ ಕೊಡದ ಜ್ಞಾನ ನನ್ನಲ್ಲಿ ಇರಬೇಕಿತ್ತು ಎಂದು ನೀವು ನಿಮ್ಮನ್ನೇ ದೂರುತ್ತಿದ್ದೀರಲ್ಲ! ಕಂಡದ್ದನ್ನು ನೋಡಿ, ಕೊಟ್ಟ ಮಾತನ್ನು ನಂಬಿ ಬಾಳಿದಿರಿ. ನಂಬಿದವಳಿಗಲ್ಲ, ನಂಬಿಕೆ ಮುರಿದವರಿಗೆ ವಿಚಾರಣೆಯಿರುವುದು.

ಕೆಲವು ಸಹೋದರಿಯರು ಕೇಳಬಹುದು: ಅಲ್ಲಾಹನ ಮೇಲೆ ತವಕ್ಕುಲ್ ಇದ್ದರೆ ಸಾಲದೇ, ತನ್ನನ್ನೇ ನಂಬುವ ಮಾತೇಕೆ? ಇದಕ್ಕೆ ಇಸ್ತಿಖಾರದ ನಮಾಝಿನಲ್ಲಿ ಉತ್ತರವಿದೆ. ಅದನ್ನು ವರದಿ ಮಾಡಿದವರೂ ಅದೇ ಹ. ಜಾಬಿರ್(ರ). ಕುರ್‌ಆನಿನ ಅಧ್ಯಾಯವೊಂದನ್ನು ಕಲಿಸುವಂತೆ ಪ್ರವಾದಿವರ್ಯರು(ಸ) ಅದನ್ನು ಸಹಾಬಿಗಳಿಗೆ ಕಲಿಸುತ್ತಿದ್ದರು ಎಂದು ಬುಖಾರಿಯಲ್ಲಿದೆ. ಅದರ ಕ್ರಮವನ್ನು ನೋಡಿರಿ. ಮೊದಲು ಮನುಷ್ಯ ಒಂದು ಕಾರ್ಯವನ್ನು ಮಾಡಲು ಮನಸ್ಸು ಮಾಡಬೇಕು. ಆಮೇಲೆ ಎರಡು ರಕಅತ್, ಆಮೇಲೆ ಪ್ರಾರ್ಥನೆ. ಅಂದರೆ ಯೋಚಿಸುವ, ಮನಸ್ಸು ಮಾಡುವ ವ್ಯಕ್ತಿ ಅಲ್ಲಿ ಇರಲೇಬೇಕು. ಬಹಳ ಮಂದಿ ಇಸ್ತಿಖಾರವನ್ನು ಕನಸಿಗಾಗಿ ಕಾಯುವುದೆಂದು ತಿಳಿದಿದ್ದಾರೆ, ತಮ್ಮ ಪರವಾಗಿ ಇನ್ನೊಬ್ಬರಿಂದ ಮಾಡಿಸುವವರೂ ಇದ್ದಾರೆ. ನಮಾಝು ನಿಮ್ಮದು, ಕಾರ್ಯ ನಿಮ್ಮದು, ಮನಸ್ಸೂ ನಿಮ್ಮದೇ ಆಗಬೇಡವೇ? ಬುದ್ಧಿ ಅಲ್ಲಾಹನು ಕೊಟ್ಟ ಅಮಾನತ್ತು. ಒಂದು ವಿವಾಹ ಮುರಿಯಿತೆಂದು ಅವನು ಅದನ್ನು ವಾಪಸು ಕೇಳಿಲ್ಲ.

ಸಣ್ಣದರಿಂದ ಪ್ರಾರಂಭಿಸಿ. ನಿಮ್ಮ ಖರ್ಜೂರದ ಮರ ಯಾವುದೆಂದು ಮೊದಲು ಹುಡುಕಿ. ಕರಾವಳಿಯಲ್ಲಿ ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ಎಷ್ಟೋ ತಾಯಂದಿರಿದ್ದಾರೆ. ಹೊಲಿಗೆ ಬಲ್ಲವರಿದ್ದಾರೆ, ನೆರೆಯ ಮಕ್ಕಳಿಗೆ ಕುರ್‌ಆನ್ ಓದಲು ಕಲಿಸಬಲ್ಲವರಿದ್ದಾರೆ. ಕೆಲಸ ದೊಡ್ಡದಾಗಬೇಕಿಲ್ಲ, ಅದರ ಲೆಕ್ಕ ನಿಮ್ಮ ಕೈಯಲ್ಲಿರಬೇಕು. ನಿಮ್ಮ ಪಾಸ್‌ಬುಕ್ಕನ್ನು ನೀವೇ ಬ್ಯಾಂಕಿಗೆ ಒಯ್ಯಿರಿ. ರೇಷನ್ ಕಾರ್ಡು, ಆಧಾರ್‌ಗಳಲ್ಲಿ ವಿಳಾಸ ಬದಲಾಗಿದೆಯೇ, ಖಾತೆಯಲ್ಲಿ ನಾಮಿನಿ ಯಾರೆಂದಿದೆ, ನೋಡಿರಿ. ಯಾವ ಕಾಗದವನ್ನೂ ಓದದೆ ಸಹಿ ಮಾಡಬೇಡಿ. ಓದು ಬಾರದಿದ್ದರೆ ಇಬ್ಬರಿಂದ ಬೇರೆ ಬೇರೆಯಾಗಿ ಓದಿಸಿ ಕೇಳಿ. ಮೊದಲ ಸಲ ಕೈ ನಡುಗುತ್ತದೆ. ನಡುಗಲಿ. ಒಂದು ತೀರ್ಮಾನ ತಪ್ಪಿದರೂ ಹೆದರಬೇಡಿ, ಕೊಂಡ ಬಟ್ಟೆಯ ಬಣ್ಣ ಹೋದರೆ ಹೋಯಿತು. ಇಪ್ಪತ್ತೈದು ವರ್ಷ ಒಂದು ಸಂಸಾರದ ಅಕ್ಕಿ, ಬೇಳೆ, ಫೀಸು, ಮದ್ದು, ನೆಂಟರು, ಇಷ್ಟನ್ನೂ ತೂಗಿಸಿದವರು ನೀವೇ ಅಲ್ಲವೇ? ಆ ಅನುಭವ ತಲಾಕಿನೊಂದಿಗೆ ಹೋಗುವುದಿಲ್ಲ.

ಹಣದ ವಿಷಯದಲ್ಲಿ ಸಂಕೋಚ ಬೇಡ. ಮಹ್ರ್ ನಿಮ್ಮ ಹಕ್ಕು. ರಾಶಿ ಸಂಪತ್ತನ್ನೇ ಕೊಟ್ಟಿದ್ದರೂ ಪತ್ನಿಯನ್ನು ಬಿಡುವಾಗ ಅದರಿಂದ ಏನನ್ನೂ ಮರಳಿ ಪಡೆಯಬಾರದೆಂದು ಅನ್ನಿಸಾ ಅಧ್ಯಾಯ (20) ಪುರುಷರನ್ನು ತಡೆಯುತ್ತದೆ. ವಿಚ್ಛೇದಿತೆಯರಿಗೆ ಮರ್ಯಾದೆಯಿಂದ ಜೀವನಸೌಕರ್ಯ ನೀಡುವುದನ್ನು ಅಲ್ ಬಕರ (241) ಧರ್ಮನಿಷ್ಠರ ಮೇಲಿನ ಹೊಣೆಯಾಗಿಸಿದೆ. ದೇಶದ ಕಾನೂನಿನಲ್ಲೂ ದಾರಿಯಿದೆ. 1986ರ ಕಾಯಿದೆಯಂತೆ ಮಾಜಿ ಪತಿಯು ಇದ್ದತ್‌ನ ಅವಧಿಯೊಳಗೆ ನ್ಯಾಯವಾದ ಏರ್ಪಾಡು ಮಾಡಬೇಕು, ಅದು ಆಕೆಯ ಮುಂದಿನ ಜೀವನಕ್ಕೂ ಸಾಕಾಗುವಂತಿರಬೇಕು ಎಂದು 2001ರಲ್ಲಿ ಡೇನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಹೇಳಿತು. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವಿದೆ. ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು. ಶಾಬಾನು ಪ್ರಕರಣದ 1985ರ ತೀರ್ಪಿನ ಬಗ್ಗೆ ನಮ್ಮಲ್ಲಿ ಬಹಳ ವಾದವಿವಾದಗಳಾದುವು. ಆದರೆ ಆಕೆ 1932ರಲ್ಲಿ ಮದುವೆಯಾಗಿ, ಐದು ಮಕ್ಕಳನ್ನು ಹೆತ್ತು, 1975ರಲ್ಲಿ ಮನೆಯಿಂದ ಹೊರಹಾಕಲ್ಪಟ್ಟ ವೃದ್ಧೆ ಎಂಬುದನ್ನು ಆ ಗದ್ದಲದಲ್ಲಿ ಎಷ್ಟು ಮಂದಿ ನೆನೆದರು? ಕುರ್‌ಆನಿನ ಈ ಹೊಣೆಯನ್ನು ನಮ್ಮ ಪುರುಷರು ತಾವಾಗಿಯೇ ಪಾಲಿಸಿದರೆ ಯಾವ ಸಹೋದರಿಯೂ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿಲ್ಲ.

ಕೆಲವರು ಸಂಧಾನವೆಂದು ಬರುತ್ತಾರೆ, ಕೆಲವರು ಮರುಮದುವೆಯ ಪ್ರಸ್ತಾಪದೊಂದಿಗೆ ಬರುತ್ತಾರೆ. ಎರಡರಲ್ಲೂ ಅವಸರ ಬೇಡ. ಬಿಡುಗಡೆಗೊಂಡ ದಾಸಿ ಹ. ಬರೀರಾ(ರ) ತಮಗೆ ಸಿಕ್ಕಿದ ಆಯ್ಕೆಯ ಹಕ್ಕನ್ನು ಬಳಸಿ ಪತಿ ಮುಗೀಸ್‌ರಿಂದ ಬೇರೆಯಾದರು. ಮುಗೀಸ್ ಅಳುತ್ತಾ ಮದೀನಾದ ಬೀದಿಗಳಲ್ಲಿ ಅವರ ಹಿಂದೆ ಅಲೆಯುತ್ತಿದ್ದರು, ಕಣ್ಣೀರು ಗಡ್ಡದ ಮೇಲೆ ಹರಿಯುತ್ತಿತ್ತು. ಅವರಲ್ಲಿಗೆ ಮರಳಬಾರದೇ ಎಂದು ಪ್ರವಾದಿವರ್ಯರು(ಸ) ಕೇಳಿದಾಗ ಬರೀರಾ(ರ), ಇದು ಆಜ್ಞೆಯೇ ಎಂದು ವಿಚಾರಿಸಿದರು. ಅಲ್ಲ, ಶಿಫಾರಸು ಮಾತ್ರ ಎಂಬ ಉತ್ತರ ಬಂದಾಗ, ತನಗೆ ಅವರ ಅಗತ್ಯವಿಲ್ಲವೆಂದರು. ಪ್ರವಾದಿವರ್ಯರು(ಸ) ಕೋಪಿಸಲಿಲ್ಲ, ಬಲವಂತ ಮಾಡಲಿಲ್ಲ. ಅಲ್ಲಾಹನ ದೂತರ ಶಿಫಾರಸಿನ ಮುಂದೆ ಓರ್ವ ಮಾಜಿ ದಾಸಿಗೆ ಇದ್ದ ಈ ಸ್ವಾತಂತ್ರ್ಯ, ಜಮಾಅತಿನ ಹಿರಿಯರ ಮುಂದೆ ನಿಮಗಿಲ್ಲವೇ?

ಹ. ಫಾತಿಮಾ ಬಿಂತಿ ಕೈಸ್(ರ) ತಲಾಕ್‌ನ ನಂತರ ಬಂದ ಪ್ರಸ್ತಾಪಗಳನ್ನು ಪ್ರವಾದಿವರ್ಯರ(ಸ) ಮುಂದಿಟ್ಟರು. ಒಬ್ಬರ ಬಡತನವನ್ನೂ ಇನ್ನೊಬ್ಬರ ಒರಟುತನವನ್ನೂ ಅವರು(ಸ) ಮುಚ್ಚಿಡದೆ ತಿಳಿಸಿ, ಉಸಾಮಾ(ರ)ರನ್ನು ಸೂಚಿಸಿದರು. ಮೊದಲು ಒಲ್ಲದ ಮನಸ್ಸಿನಿಂದಿದ್ದ ಫಾತಿಮಾ(ರ), ಆ ವಿವಾಹದಲ್ಲಿ ಅಲ್ಲಾಹನು ಒಳಿತನ್ನಿಟ್ಟನೆಂದು ಮುಂದೆ ತಾವೇ ಹೇಳಿದ್ದಾರೆ. ಆದ್ದರಿಂದ ವರನ ಬಗ್ಗೆ ಬಿಚ್ಚುಮನಸ್ಸಿನಿಂದ ಮಾತಾಡುವ ಒಬ್ಬರನ್ನು ಹುಡುಕಿ ಕೇಳಿ. ಗುಣವನ್ನೇ ಹೇಳುವ ದಲ್ಲಾಳಿಯ ಮಾತು ಸಾಲದು. ಮದುವೆ ಬೇಡವೆಂದು ಅನಿಸಿದರೆ ಅದೂ ಆಗಬಹುದು. ಬೇರ್ಪಟ್ಟರೆ ಇಬ್ಬರನ್ನೂ ತನ್ನ ಔದಾರ್ಯದಿಂದ ಸ್ವಾವಲಂಬಿಗಳಾಗಿಸುವುದಾಗಿ ಅಲ್ಲಾಹನು ಅನ್ನಿಸಾ ಅಧ್ಯಾಯದಲ್ಲಿ (130) ಭರವಸೆಯಿತ್ತಿದ್ದಾನೆ. ಅಲ್ಲಿ ಮರುಮದುವೆಯ ಷರತ್ತನ್ನು ಹಾಕಿಲ್ಲ.

ಹ. ಉಮ್ಮು ಸಲಮಾ(ರ) ವಿಧವೆಯಾದಾಗ, ಅಬೂ ಸಲಮಾರಿಗಿಂತ ಉತ್ತಮರು ಇನ್ನಾರಿದ್ದಾರೆ ಎಂದುಕೊಂಡಿದ್ದರು. ಪ್ರವಾದಿವರ್ಯರ(ಸ) ಪ್ರಸ್ತಾಪ ಬಂದಾಗಲೂ ತಮ್ಮ ವಯಸ್ಸು, ಮಕ್ಕಳು, ಮತ್ಸರದ ಸ್ವಭಾವವನ್ನು ಮರೆಮಾಚದೆ ಹೇಳಿಕೊಂಡರು. ಹಿಜರಿ 6ರಲ್ಲಿ ಹುದೈಬಿಯಾದಲ್ಲಿ ದುಃಖಿತರಾದ ಸಹಾಬಿಗಳು ಬಲಿಯರ್ಪಿಸಲು ಏಳದೆ ಕುಳಿತಾಗ, ಯಾರೊಡನೆಯೂ ಮಾತಾಡದೆ ಮೊದಲು ತಾವೇ ಬಲಿ ಕೊಟ್ಟು ತಲೆ ಬೋಳಿಸುವಂತೆ ಪ್ರವಾದಿವರ್ಯರಿಗೆ(ಸ) ಸಲಹೆಯಿತ್ತವರು ಇದೇ ಮಹಿಳೆ. ಹಾಗೆಯೇ ಮಾಡಲಾಯಿತು, ಜನರೆಲ್ಲ ಎದ್ದರು. ವೈಧವ್ಯ ಬೇರೆ, ವಿಚ್ಛೇದನ ಬೇರೆ ಎಂಬುದು ನಿಜ. ವಿಧವೆಗೆ ಜನ ಅನುಕಂಪ ತೋರುತ್ತಾರೆ, ವಿಚ್ಛೇದಿತೆಗೆ ಪ್ರಶ್ನೆ ಕೇಳುತ್ತಾರೆ. ಆದರೆ ಒಂದು ಮನೆ ಮುರಿದ ಮೇಲೂ ವಿವೇಕ ಉಳಿಯುತ್ತದೆ, ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ನನಗೆ ಗೊತ್ತಿಲ್ಲ.

ತಮ್ಮಂದಿರೇ, ಮಕ್ಕಳೇ, ನಿಮಗೂ ಒಂದು ಮಾತು. ಅಕ್ಕನನ್ನು ಮನೆಯಲ್ಲಿಟ್ಟುಕೊಂಡದ್ದು ಪುಣ್ಯವೇ. ಆದರೆ ಅವರನ್ನು ಕೂಲಿಯಿಲ್ಲದ ಅಡುಗೆಯವಳಾಗಿಸಿದರೆ ಆ ಪುಣ್ಯದಲ್ಲಿ ಉಳಿಯುವುದೇನು? ಅವರಿಗೊಂದು ಕೋಣೆ, ಇಲ್ಲವೇ ಕೀಲಿಯಿರುವ ಒಂದು ಕಪಾಟಾದರೂ ಇರಲಿ. ಉಮ್ಮಾ, ನಾನು ನೋಡಿಕೊಳ್ಳುತ್ತೇನೆ ಬಿಡಿ ಎನ್ನುವ ಮೊದಲು, ನಿಮಗೆ ಏನನ್ನಿಸುತ್ತದೆ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಬಹಳ ಕಾಲ ಯಾರೂ ಕೇಳದ ಪ್ರಶ್ನೆಯಾದ್ದರಿಂದ ಉತ್ತರ ತಡವಾಗಬಹುದು.

ಕೊನೆಯದಾಗಿ, ಮಗಳ ನಿಕಾಹ್‌ನ ದಿನ. ಅಂದು ಅವರೂ ಬರುತ್ತಾರೆ, ವಲಿಯಾಗಿ ಕುಳಿತುಕೊಳ್ಳುತ್ತಾರೆ. ಬೇರ್ಪಡುವ ಸಂದರ್ಭದಲ್ಲೂ ಪರಸ್ಪರ ಔದಾರ್ಯವನ್ನು ಮರೆಯದಿರಲು ಅಲ್ ಬಕರ ಅಧ್ಯಾಯ (237) ನೆನಪಿಸುತ್ತದೆ. ಹಳೆಯ ಲೆಕ್ಕವನ್ನು ಅಂದು ಬಿಚ್ಚಬೇಡಿ, ಮಕ್ಕಳ ಮುಂದೆ ಎಂದೂ ಬಿಚ್ಚಬೇಡಿ. ಅಡುಗೆಮನೆಯ ಹಿಂದೆ ಅವಿತುಕೊಳ್ಳಲೂ ಬೇಡಿ. ಒಳ್ಳೆಯ ಬಟ್ಟೆ ಉಟ್ಟು, ಬಂದ ಹೆಂಗಸರನ್ನು ಬಾಗಿಲಲ್ಲಿ ನಿಂತು ಸ್ವಾಗತಿಸಿರಿ. ಮದುವೆಯ ಮನೆ ನಿಮ್ಮದು, ಮಗಳೂ ನಿಮ್ಮವಳು.