ಮೂರನೆಯ ಪ್ರಯತ್ನ

ತುಂಗಭದ್ರೆಯ ಎಡದಂಡೆಯಲ್ಲಿ ಹಬ್ಬಿರುವ ನಾಡು ಕೊಪ್ಪಳ. ಬಹುಕಾಲ ರಾಯಚೂರು ಜಿಲ್ಲೆಯ ಅಂಗವಾಗಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳು 1997ರಲ್ಲಿ ಒಂದುಗೂಡಿ ಪ್ರತ್ಯೇಕ ಜಿಲ್ಲೆಯೆನಿಸಿದುವು. ಗಂಗಾವತಿಯ ಬಯಲು ಕಾಲುವೆಯ ನೀರುಂಡು ಬತ್ತ ಬೆಳೆಯುತ್ತದೆ; ಕುಷ್ಟಗಿ, ಯಲಬುರ್ಗಾಗಳ ಬೆದ್ದಲು ಭೂಮಿಯು ಮಳೆಯ ದಾರಿಯನ್ನು ಕಾಯುತ್ತ ಜೋಳ, ಸಜ್ಜೆ, ಹೆಸರು, ಕಡಲೆಗಳನ್ನು ನೀಡುತ್ತದೆ. ಆನೆಗೊಂದಿಯ ಸಮೀಪದಲ್ಲಿರುವ ಅಂಜನಾದ್ರಿಯು ಆಂಜನೇಯನ ಜನ್ಮಸ್ಥಾನವೆಂದು ಭಕ್ತರ ನಂಬುಗೆ. ಬೆಟ್ಟದ ತುದಿಯನ್ನು ಮುಟ್ಟಲು 575 ಮೆಟ್ಟಿಲುಗಳನ್ನು ಏರಬೇಕು.

ಆಂಜನೇಯನು ಬಲದ ದೇವತೆ. ಆದುದರಿಂದಲೇ ಉತ್ತರ ಕರ್ನಾಟಕದ ಗರಡಿಮನೆಗಳಲ್ಲಿ ಅವನಿಗೆ ಮೊದಲ ಪೂಜೆ. ಕೆಮ್ಮಣ್ಣಿನ ಅಂಕಣದಲ್ಲಿ ದಂಡ, ಬೈಠಕ್ಕು ಹೊಡೆದು, ಲೋಡು ತಿರುಗಿಸಿ, ಗುಂಡುಕಲ್ಲನ್ನೂ ಸಂಗ್ರಾಣಿ ಕಲ್ಲನ್ನೂ ಎತ್ತಿ ತರುಣರು ಮೈಯನ್ನು ಹುರಿಗೊಳಿಸುತ್ತಿದ್ದರು. ಗರಡಿಗೆ ಹೋಗದವರಿಗೂ ಹೊಲದ ದುಡಿಮೆಯೇ ಸಾಕಷ್ಟು ವ್ಯಾಯಾಮವಾಗಿತ್ತು. ಕಾಲ ಬದಲಾದಂತೆ ನೇಗಿಲಿನ ಸ್ಥಾನಕ್ಕೆ ಟ್ರ್ಯಾಕ್ಟರು, ನಡಿಗೆಯ ಸ್ಥಾನಕ್ಕೆ ಮೋಟಾರುಸೈಕಲ್ಲು ಬಂದುವು. ದುಡಿಮೆ ಕಡಿಮೆಯಾಯಿತು, ಊಟ ಕಡಿಮೆಯಾಗಲಿಲ್ಲ. ಕರಿದ ತಿನಿಸು, ಸಿಹಿ ಪಾನೀಯಗಳು ಹಳ್ಳಿಯ ಅಂಗಡಿಗೂ ಬಂದು ಸೇರಿದುವು. ಇದರಿಂದಾಗಿ ಮೈತೂಕವನ್ನು ಇಳಿಸಬೇಕು, ಕಳೆದ ಕಸುವನ್ನು ಮರಳಿ ಪಡೆಯಬೇಕು ಎಂಬ ಚಿಂತೆ ಪಟ್ಟಣಿಗರದಷ್ಟೇ ಆಗಿ ಉಳಿಯಲಿಲ್ಲ.

ಇಂಥ ಸಂಕಲ್ಪವನ್ನು ಮಾಡುವುದು ಸುಲಭ. ಯುಗಾದಿಯ ದಿನ ಅನೇಕರು ಮಾಡುತ್ತಾರೆ. ಮೊದಲ ವಾರ ಮುಂಜಾನೆ ಐದಕ್ಕೇ ಎದ್ದು ಓಡುತ್ತಾರೆ. ಎರಡನೆಯ ವಾರ ಆರಕ್ಕೆ ಏಳುತ್ತಾರೆ. ತಿಂಗಳು ತುಂಬುವುದರೊಳಗೆ ಹೊದಿಕೆಯೇ ಹಿತವೆನಿಸುತ್ತದೆ. ಅವರೆಲ್ಲರೂ ಸೋಮಾರಿಗಳೆಂದು ತೀರ್ಮಾನಿಸುವುದು ಸರಿಯಲ್ಲ. ಬಹುಮಂದಿ ಸೋಲುವುದು ಸೋಮಾರಿತನದಿಂದಲ್ಲ, ನಿರಾಶೆಯಿಂದ. ದಾರಿಯಲ್ಲಿ ಬರುವ ಅಡ್ಡಿಗಳ ಕಾರಣವನ್ನು ತಿಳಿಯದವನು ಪ್ರತಿಯೊಂದು ಅಡ್ಡಿಯನ್ನೂ ತನ್ನ ಅಯೋಗ್ಯತೆಯ ಗುರುತೆಂದು ಭಾವಿಸಿ ಕೈಚೆಲ್ಲುತ್ತಾನೆ. ಕಾರಣವನ್ನು ತಿಳಿದವನು ಅದನ್ನು ದಾಟುವ ಉಪಾಯವನ್ನು ಹುಡುಕುತ್ತಾನೆ.

ಮೊದಲನೆಯ ಅಡ್ಡಿ ತೂಕದ ಯಂತ್ರದಿಂದಲೇ ಬರುತ್ತದೆ. ಆಹಾರವನ್ನು ಹಿತಮಿತಗೊಳಿಸಿ ವ್ಯಾಯಾಮಕ್ಕೆ ತೊಡಗಿದ ಮೊದಲ ದಿನಗಳಲ್ಲಿ ತೂಕವು ಬೇಗನೆ ಇಳಿಯುತ್ತದೆ. ಆಗ ಕರಗುವುದು ಬರಿಯ ಕೊಬ್ಬಲ್ಲ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಪ್ರತಿಯೊಂದು ಗ್ರಾಮಿನೊಡನೆ ಸುಮಾರು ಮೂರು ಗ್ರಾಮಿನಷ್ಟು ನೀರೂ ಸೇರಿರುತ್ತದೆ. ದಾಸ್ತಾನು ಖರ್ಚಾದಾಗ ಆ ನೀರೂ ಹೊರಹೋಗುತ್ತದೆ. ಬಳಿಕ ಇಳಿಕೆ ನಿಧಾನವಾಗುತ್ತದೆ. ಕೆಲವೊಮ್ಮೆ ವಾರಗಟ್ಟಲೆ ನಿಂತೇಬಿಡುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಹಗುರವಾದ ದೇಹಕ್ಕೆ ನಡೆಯಲು, ಏರಲು, ಉಸಿರಾಡಲು ಮೊದಲಿಗಿಂತ ಕಡಿಮೆ ಶಕ್ತಿ ಸಾಕು. ಮುಂಚೆ ತೂಕವನ್ನು ಇಳಿಸುತ್ತಿದ್ದ ಅದೇ ಊಟ, ಅದೇ ನಡಿಗೆ ಈಗ ತೂಕವನ್ನು ಇದ್ದಲ್ಲಿಯೇ ಹಿಡಿದಿಡುತ್ತವೆ. ಇದು ಸೋಲಲ್ಲ, ಲೆಕ್ಕ. ಅಲ್ಲದೆ ಉಪ್ಪು, ನೀರು, ಊಟಗಳಿಗೆ ಅನುಸಾರವಾಗಿ ತೂಕವು ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಆದ್ದರಿಂದ ದಿನಕ್ಕೆ ಮೂರು ಬಾರಿ ಯಂತ್ರವನ್ನು ಏರುವುದರಿಂದ ಚಿಂತೆ ಬೆಳೆಯುತ್ತದೆಯೇ ಹೊರತು ತಿಳಿವಳಿಕೆ ಬೆಳೆಯದು. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ತೂಗಿ ಬರೆದಿಡುವುದು ಮೇಲು. ಸೊಂಟದ ಸುತ್ತಳತೆ ಇಳಿದಿದೆಯೇ, ಬೆಟ್ಟವನ್ನು ಹತ್ತುವಾಗ ನಿಲ್ಲುವ ಸಲಗಳು ಕಡಿಮೆಯಾದುವೇ ಎಂಬುದನ್ನೂ ನೋಡಬೇಕು. ಕೊಬ್ಬು ಕರಗಿ ಸ್ನಾಯು ಬೆಳೆಯುತ್ತಿರುವಾಗ ಮುಳ್ಳು ಅಲುಗದೆಯೂ ಇರಬಹುದು.

ಮುಳ್ಳು ನಿಂತಿತೆಂದು ಊಟವನ್ನೇ ತೊರೆಯುವವರುಂಟು. ಅವರು ಅಮೆರಿಕದಲ್ಲಿ ನಡೆದ ಒಂದು ಪ್ರಯೋಗವನ್ನು ನೆನೆಯಬೇಕು. 1944-45ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಸ್ವಇಚ್ಛೆಯಿಂದ ಮುಂದೆ ಬಂದ 36 ಮಂದಿ ಆರೋಗ್ಯವಂತ ತರುಣರಿಗೆ 24 ವಾರಗಳ ಕಾಲ ಅರೆಹೊಟ್ಟೆಯ ಆಹಾರವನ್ನು ಕೊಟ್ಟು ಪರಿಣಾಮವನ್ನು ಪರೀಕ್ಷಿಸಿದನು. ಯುದ್ಧದಿಂದ ಹಸಿದ ಜನರಿಗೆ ಹೇಗೆ ಮರಳಿ ಆಹಾರವೂಡಬೇಕೆಂಬುದನ್ನು ಅರಿಯುವುದು ಅವನ ಉದ್ದೇಶ. ತರುಣರ ತೂಕವು ಸುಮಾರು ಕಾಲುಭಾಗದಷ್ಟು ಇಳಿಯಿತು. ಅದರೊಡನೆ ಬಲ ಕುಗ್ಗಿತು, ಹೃದಯದ ಬಡಿತ ನಿಧಾನವಾಯಿತು, ಸ್ವಭಾವ ಸಿಡುಕಾಯಿತು, ಊಟದ ಹೊರತು ಬೇರೊಂದರಲ್ಲಿ ಮನಸ್ಸು ನಿಲ್ಲದಾಯಿತು. ಹಸಿವಿನಿಂದ ಪಡೆದ ಹಗುರತನವು ಆರೋಗ್ಯವಲ್ಲ. ಬೆಳೆಯುವ ವಯಸ್ಸಿನ ಹುಡುಗ ಹುಡುಗಿಯರಿಗಂತೂ ಈ ಎಚ್ಚರಿಕೆ ಇಮ್ಮಡಿಯಾಗಿ ಅನ್ವಯಿಸುತ್ತದೆ. ಎತ್ತರ ಬೆಳೆದಂತೆ ತೂಕ ಏರುವುದು ಸಹಜ. ಅದು ಹೆಚ್ಚೋ ತಕ್ಕದ್ದೋ ಎಂಬುದನ್ನು ವೈದ್ಯರು ಹೇಳಬೇಕಲ್ಲದೆ ಕನ್ನಡಿಯಲ್ಲ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯು ಬಲ್ಲವನನ್ನು ಹೊಗಳುತ್ತದೆ, ಬಿಟ್ಟವನನ್ನಲ್ಲ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಸೊಪ್ಪು, ಮಜ್ಜಿಗೆಗಳುಳ್ಳ ಈ ಸೀಮೆಯ ಊಟದಲ್ಲಿ ಬಲಕ್ಕೆ ಬೇಕಾದುದು ಬಹಳಷ್ಟಿದೆ.

ಎರಡನೆಯ ಅಡ್ಡಿ ಬಲಸಾಧನೆಯದು. ಮೊದಲ ಕೆಲವು ವಾರಗಳಲ್ಲಿ ಎತ್ತುವ ಭಾರವು ಸರಸರನೆ ಏರುತ್ತದೆ. ಇದು ಸ್ನಾಯು ದಪ್ಪವಾದುದರಿಂದ ಅಷ್ಟಲ್ಲ. ಇರುವ ಸ್ನಾಯುವನ್ನು ಒಟ್ಟಾಗಿ ದುಡಿಸುವುದನ್ನು ನರಮಂಡಲವು ಕಲಿತುದರಿಂದ. ಆ ಕಲಿಕೆಯ ಬಳಿಕ ಸ್ನಾಯುವೇ ಬೆಳೆಯಬೇಕು; ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಗ್ರೀಕರಲ್ಲಿ ಮೈಲೋ ಎಂಬ ಜಟ್ಟಿಯ ಕಥೆಯೊಂದಿದೆ. ಅವನು ಎಳೆಗರುವೊಂದನ್ನು ದಿನವೂ ಹೆಗಲ ಮೇಲೆ ಹೊರುತ್ತಿದ್ದನಂತೆ. ಕರು ಹೋರಿಯಾದಾಗ ಹೋರಿಯನ್ನೇ ಹೊರಬಲ್ಲವನಾದನಂತೆ. ಕಥೆ ಹೇಗೇ ಇರಲಿ, ಅದರ ತತ್ತ್ವ ನಿಜ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಥಾಮಸ್ ಡಿಲೋರ್ಮ್ ಎಂಬ ಅಮೆರಿಕದ ಸೇನಾವೈದ್ಯನು ಗಾಯಗೊಂಡ ಸೈನಿಕರ ಸೊರಗಿದ ಕಾಲುಗಳಿಗೆ ಅಳತೆಯರಿತು ಭಾರವನ್ನು ಕಟ್ಟಿ, ಅದನ್ನು ಮೆಲ್ಲಮೆಲ್ಲನೆ ಹೆಚ್ಚಿಸಿ ಬಲವನ್ನು ಮರಳಿಸಿದನು. 1945ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದನು. ಆದರೆ ಕರು ಬೆಳೆದಂತೆ ಮನುಷ್ಯನ ಬಲವು ದಿನದಿನವೂ ಬೆಳೆಯದು. ದುಡಿದ ಸ್ನಾಯು ಕಟ್ಟಿಕೊಳ್ಳುವುದು ವಿಶ್ರಾಂತಿಯಲ್ಲಿ, ಉಣಿಸಿನಲ್ಲಿ, ನಿದ್ರೆಯಲ್ಲಿ. ಅವಸರಪಟ್ಟು ಒಮ್ಮೆಗೇ ದೊಡ್ಡ ಕಲ್ಲಿಗೆ ಕೈಯಿಕ್ಕಿದವನು ಬೆನ್ನು ಉಳುಕಿಸಿಕೊಂಡು ತಿಂಗಳು ಕೂರುತ್ತಾನೆ. ಭಾರವನ್ನು ಸ್ವಲ್ಪ ಇಳಿಸಿ, ಭಂಗಿಯನ್ನು ತಿದ್ದಿಕೊಂಡು, ಮತ್ತೆ ಏರುವವನು ಅವನಿಗಿಂತ ಮುಂಚೆ ಗುರಿ ಸೇರುತ್ತಾನೆ.

ಮೂರನೆಯ ಅಡ್ಡಿ ನಿಯಮಭಂಗ. ಜ್ವರ ಬರುತ್ತದೆ, ಪರೀಕ್ಷೆ ಬರುತ್ತದೆ, ಗವಿಸಿದ್ಧೇಶ್ವರನ ಜಾತ್ರೆ ಬರುತ್ತದೆ, ಮನೆಗೆ ನೆಂಟರೂ ಬರುತ್ತಾರೆ. ಒಂದು ದಿನದ ಅಭ್ಯಾಸ ತಪ್ಪುತ್ತದೆ. ‘ಇನ್ನೇನು, ಎಲ್ಲವೂ ಕೆಟ್ಟಿತು’ ಎನ್ನುವ ಮನಸ್ಸು ಎರಡನೆಯ ದಿನವನ್ನೂ ಬಿಡಿಸುತ್ತದೆ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಸಹೋದ್ಯೋಗಿಗಳು 96 ಜನರನ್ನು 12 ವಾರಗಳ ಕಾಲ ಗಮನಿಸಿ, ಹೊಸ ಕ್ರಿಯೆಯೊಂದು ರೂಢಿಯಾಗಲು ಎಷ್ಟು ಕಾಲ ಬೇಕೆಂಬುದನ್ನು ಲೆಕ್ಕಹಾಕಿದರು. 18 ದಿನಗಳಿಂದ 254 ದಿನಗಳವರೆಗೆ ಉತ್ತರಗಳು ಹರಡಿದ್ದುವು; ಮಧ್ಯದ ಸಂಖ್ಯೆ 66. ಅಂದಮೇಲೆ ಗೆಳೆಯನಿಗೆ ಮೂರು ವಾರದಲ್ಲಿ ಒಗ್ಗಿದುದು ತನಗೆ ಮೂರು ತಿಂಗಳಾದರೂ ಒಗ್ಗಲಿಲ್ಲವೆಂದು ಯಾರೂ ಕೊರಗಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಅವರು ಕಂಡರು: ನಡುವೆ ಒಂದು ದಿನ ತಪ್ಪಿದುದರಿಂದ ರೂಢಿ ಬೇರೂರುವುದಕ್ಕೆ ಗಣನೀಯವಾದ ಹಾನಿಯಾಗಲಿಲ್ಲ. ಹಗ್ಗದ ಒಂದು ಎಳೆ ಕಡಿದರೆ ಹಗ್ಗ ಕಡಿಯದು. ಒಂದೆಳೆ ಹೋಯಿತೆಂದು ಹಗ್ಗವನ್ನೇ ಬಾವಿಗೆಸೆಯುವುದು ಅವಿವೇಕ.

ನಾಲ್ಕನೆಯ ಅಡ್ಡಿ ಜನರ ನಾಲಗೆ. ದಪ್ಪನಾದವನು ಓಡಿದರೆ ನಗುತ್ತಾರೆ. ತೆಳ್ಳನಾದವನು ಕಲ್ಲು ಹಿಡಿದರೂ ನಗುತ್ತಾರೆ. ನಗುವವರು ಯಾರ ಬೆವರನ್ನೂ ಸುರಿಸಿಕೊಡುವವರಲ್ಲ. ಜೊತೆಗೆ ಓಡುವ ಒಬ್ಬ ಗೆಳೆಯ, ತಪ್ಪನ್ನು ತಿದ್ದುವ ಒಬ್ಬ ಗುರು ದೊರೆತರೆ ನೂರು ನಗೆಗಳ ಬಲ ಮುರಿಯುತ್ತದೆ. ಗರಡಿಮನೆಯ ಹಿರಿಮೆ ಇದ್ದುದು ಇಲ್ಲಿಯೇ. ಅಲ್ಲಿ ಯಾರೂ ಒಬ್ಬಂಟಿಯಾಗಿ ಸೋಲುತ್ತಿರಲಿಲ್ಲ.

ಈ ಮಾತುಗಳಿಗೆ ಕನ್ನಡನಾಡಿನ ತರುಣನೊಬ್ಬನ ಬಾಳು ಸಾಕ್ಷಿಯಾಗಿದೆ. ಉಡುಪಿ ಜಿಲ್ಲೆಯ ಕುಂದಾಪುರ ಸೀಮೆಯ ವಂಡ್ಸೆಯವರಾದ ಗುರುರಾಜ ಪೂಜಾರಿಯವರು ವಾಹನಚಾಲಕರೊಬ್ಬರ ಮಗ. ಮನೆಯಲ್ಲಿ ಮಕ್ಕಳು ಹಲವರು, ಆದಾಯ ಅಲ್ಪ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಸುಶೀಲ್ ಕುಮಾರ್ ಕುಸ್ತಿಯಲ್ಲಿ ಕಂಚನ್ನು ಗೆದ್ದಾಗ ತಾನೂ ಜಟ್ಟಿಯಾಗಬೇಕೆಂಬ ಆಸೆ ಈ ಬಾಲಕನಲ್ಲಿ ಚಿಗುರಿತು. ಆದರೆ ಉಜಿರೆಯ ಕಾಲೇಜಿನಲ್ಲಿ ಅವರನ್ನು ಕಂಡ ತರಬೇತುದಾರರು ಭಾರ ಎತ್ತುವ ಕ್ರೀಡೆಗೆ ಆ ಮೈಕಟ್ಟು ಒಪ್ಪುವುದೆಂದು ಗುರುತಿಸಿದರು. ಮೊದಲ ಕನಸನ್ನು ಕೈಬಿಡುವುದೂ ಒಂದು ಬಗೆಯ ಹಿನ್ನಡೆಯೇ. ಗುರುರಾಜರು ಅದನ್ನು ತಿರುವೆಂದು ತಿಳಿದರು. ಮುಂದೆ ಭಾರತೀಯ ವಾಯುಪಡೆಯನ್ನು ಸೇರಿ ಸಾಧನೆಯನ್ನು ಮುಂದುವರಿಸಿದರು.

2018ರ ಏಪ್ರಿಲ್ 5ರಂದು ಆಸ್ಟ್ರೇಲಿಯದ ಗೋಲ್ಡ್ ಕೋಸ್ಟಿನಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳ 56 ಕಿಲೋ ವಿಭಾಗದ ಸ್ಪರ್ಧೆ. ಈ ಕ್ರೀಡೆಯಲ್ಲಿ ಎರಡು ಬಗೆಯ ಎತ್ತುಗೆಗಳುಂಟು. ಭಾರವನ್ನು ನೆಲದಿಂದ ಒಂದೇ ಸೆಳೆತಕ್ಕೆ ತಲೆಯ ಮೇಲಕ್ಕೆ ಎತ್ತುವುದು ಸ್ನ್ಯಾಚ್. ಮೊದಲು ಹೆಗಲಿಗೆ ತಂದು ಬಳಿಕ ಮೇಲಕ್ಕೆತ್ತುವುದು ಕ್ಲೀನ್ ಅಂಡ್ ಜರ್ಕ್. ಪ್ರತಿಯೊಂದಕ್ಕೂ ಮೂರೇ ಪ್ರಯತ್ನಗಳು. ಒಂದು ಬಗೆಯ ಮೂರೂ ಪ್ರಯತ್ನಗಳು ವಿಫಲವಾದರೆ ಇನ್ನೊಂದರಲ್ಲಿ ಎಷ್ಟು ಎತ್ತಿದ್ದರೂ ಒಟ್ಟು ಭಾರದ ಲೆಕ್ಕವೇ ಇಲ್ಲ. ಪದಕದ ಮಾತಂತೂ ದೂರ. ಗುರುರಾಜರು ಸ್ನ್ಯಾಚಿನಲ್ಲಿ 111 ಕಿಲೋ ಎತ್ತಿದ್ದರು. ಎರಡನೆಯ ಬಗೆಯಲ್ಲಿ ಮೊದಲ ಪ್ರಯತ್ನ ವಿಫಲವಾಯಿತು. ಎರಡನೆಯದೂ ವಿಫಲವಾಯಿತು. ವರ್ಷಗಳ ದುಡಿಮೆಯೆಲ್ಲ ಒಂದೇ ಪ್ರಯತ್ನದ ಮೇಲೆ ನಿಂತಿತು. ಈ ಪದಕವು ಬಾಳಿಗೆ ಎಷ್ಟು ಮುಖ್ಯವೆಂಬುದನ್ನು ತರಬೇತುದಾರರು ನೆನಪಿಸಿದರೆಂದೂ, ಮನೆಯವರನ್ನೂ ದೇಶವನ್ನೂ ನೆನೆದು ಮುಂದೆ ನಡೆದೆನೆಂದೂ ಆಮೇಲೆ ಅವರು ಹೇಳಿದರು. ಮೂರನೆಯ ಪ್ರಯತ್ನದಲ್ಲಿ 138 ಕಿಲೋ ಮೇಲೆದ್ದಿತು. ಒಟ್ಟು 249 ಕಿಲೋ, ಬೆಳ್ಳಿಯ ಪದಕ. ಕಂಚನ್ನು ಪಡೆದ ಶ್ರೀಲಂಕೆಯ ಸ್ಪರ್ಧಿಯ ಮೊತ್ತ 248. ಆ ಕ್ರೀಡೆಗಳಲ್ಲಿ ಭಾರತಕ್ಕೆ ದೊರೆತ ಮೊತ್ತಮೊದಲ ಪದಕ ಅದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷ ಅಂತರರಾಷ್ಟ್ರೀಯ ಸಂಸ್ಥೆಯು ತೂಕದ ವಿಭಾಗಗಳನ್ನು ಬದಲಿಸಿದುದರಿಂದ 56 ಕಿಲೋ ವಿಭಾಗವೇ ಇಲ್ಲವಾಯಿತು. ಗೆದ್ದ ಅಂಕಣವೇ ಕಾಲಡಿಯಿಂದ ಜಾರಿದಂತಾಯಿತು. ಗುರುರಾಜರು 61 ಕಿಲೋ ವಿಭಾಗಕ್ಕೆ ಬಂದು, ತಮಗಿಂತ ಭಾರವಾದವರೊಡನೆ ಸೆಣಸಲು ಮೈಯನ್ನು ಹೊಸದಾಗಿ ಸಜ್ಜುಗೊಳಿಸಿದರು. 2022ರ ಜುಲೈ 30ರಂದು ಬರ್ಮಿಂಗ್‌ಹ್ಯಾಮಿನಲ್ಲಿ 118 ಮತ್ತು 151, ಒಟ್ಟು 269 ಕಿಲೋ ಎತ್ತಿ ಕಂಚನ್ನು ಗೆದ್ದರು. ನಾಲ್ಕನೆಯ ಸ್ಥಾನದವರಿಗೂ ಅವರಿಗೂ ಇದ್ದ ಅಂತರ ಈ ಸಲವೂ ಒಂದೇ ಕಿಲೋ. ಬೆಳ್ಳಿಯಿಂದ ಕಂಚಿಗೆ ಇಳಿದರೆಂದು ಹೇಳುವವರು ಇರಬಹುದು. ಆದರೆ ನಾಲ್ಕು ವರ್ಷಗಳ ಹಿಂದೆ ತಾವೇ ಎತ್ತಿದ್ದುದಕ್ಕಿಂತ ಅವರು 20 ಕಿಲೋ ಹೆಚ್ಚು ಎತ್ತಿದ್ದರು.

ಎಲ್ಲರೂ ಪದಕವನ್ನು ಗೆಲ್ಲಲಾರರು, ಗೆಲ್ಲಬೇಕಾದುದೂ ಇಲ್ಲ. ಐದರಿಂದ ಹದಿನೇಳರ ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು, ವಾರದಲ್ಲಿ ಮೂರು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಚಟುವಟಿಕೆ ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದಕ್ಕೆ ಬೆಲೆಬಾಳುವ ಯಂತ್ರಗಳೇನೂ ಬೇಡ. ಶಾಲೆಯ ಬಯಲು, ಊರಿನ ಗುಡ್ಡ, ಗರಡಿಯ ದಂಡ ಬೈಠಕ್ಕು, ಹೊಲದ ಕೆಲಸ ಇವೇ ಸಾಕು.

ಸಮುದ್ರದ ದಡದಲ್ಲಿ ಆಂಜನೇಯನು ತನ್ನ ಬಲವನ್ನು ತಾನೇ ಮರೆತು ಮೌನವಾಗಿ ಕುಳಿತಿದ್ದನೆಂದೂ, ಜಾಂಬವಂತನು ಅದನ್ನು ನೆನಪಿಸಿದ ಮೇಲೆ ಕಡಲನ್ನು ಹಾರಿದನೆಂದೂ ರಾಮಾಯಣವು ಹೇಳುತ್ತದೆ. ಹಿನ್ನಡೆಯ ಗಳಿಗೆಯಲ್ಲಿ ಬಲವಂತನಿಗೂ ಮರೆವು ಕವಿಯುತ್ತದೆ. ಆಗ ನೆನಪಿಸುವ ಗೆಳೆಯನೊಬ್ಬ ಬೇಕು, ತಾನು ನಡೆದು ಬಂದ ದಾರಿಯ ಲೆಕ್ಕ ಬೇಕು, ಮೂರನೆಯ ಪ್ರಯತ್ನಕ್ಕೆ ಕೈಯೊಡ್ಡುವ ಧೈರ್ಯ ಬೇಕು. ಹನಿಗೂಡಿ ಹಳ್ಳವಾಗುವಂತೆ ದೇಹದ ಬಲವೂ ಮನಸ್ಸಿನ ಬಲವೂ ದಿನದ ಸಣ್ಣ ದುಡಿಮೆಯಿಂದಲೇ ಕೂಡಿಬರುತ್ತವೆ.

ಅಭ್ಯಾಸ

1. ಮೊದಲ ದಿನಗಳಲ್ಲಿ ಬೇಗ ಇಳಿದ ತೂಕವು ಆಮೇಲೆ ನಿಲ್ಲುವುದೇಕೆ?
2. ಮಿನ್ನೆಸೋಟಾ ಪ್ರಯೋಗದಿಂದ ತಿಳಿದುಬರುವ ಎಚ್ಚರಿಕೆ ಯಾವುದು?
3. ‘ಇದು ಸೋಲಲ್ಲ, ಲೆಕ್ಕ’ – ಸಂದರ್ಭ ಸಹಿತ ವಿವರಿಸಿ.
4. ಗುರುರಾಜ ಪೂಜಾರಿಯವರು ಎದುರಿಸಿದ ಹಿನ್ನಡೆಗಳನ್ನು ಹೆಸರಿಸಿ, ಅವರು ಅವನ್ನು ದಾಟಿದ ಬಗೆಯನ್ನು ಬರೆಯಿರಿ.
5. ನಿಮ್ಮ ಊರಿನ ಗರಡಿಮನೆಯ ಕುರಿತು ಹಿರಿಯರಿಂದ ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.